ಸಾವಧಾನ

ನಾನು ಬಿದ್ದದ್ದು ಮದುವೆಮನೆಯ ವೇದಿಕೆಯ ಮೇಲೆ. ಬಚ್ಚಲಲ್ಲಿ ಬಿದ್ದಿದ್ದರೆ ಹೆಂಡತಿಗೆ ಮಾತ್ರ ಗೊತ್ತಾಗುತ್ತಿತ್ತು, ಬೀದಿಯಲ್ಲಿ ಬಿದ್ದಿದ್ದರೆ ನಾಲ್ಕು ಜನಕ್ಕೆ. ಈಗಿನ ಛತ್ರಗಳಲ್ಲಿ ಹಾಗಲ್ಲ. ವೇದಿಕೆಯ ಪಕ್ಕ ಒಂದು ದೊಡ್ಡ ಪರದೆ, ಕೆಳಗಿನ ಊಟದ ಹಾಲಿನಲ್ಲಿ ಇನ್ನೊಂದು. ಮೊದಲ ಪಂಕ್ತಿಯಲ್ಲಿ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದವರೂ ನಾನು ವಾಲಿ, ವರನ ತಂದೆಯ ಹೆಗಲಿನಿಂದ ಜಾರಿ, ನೆಲ ಸೇರಿದ್ದನ್ನು ಕಂಡರಂತೆ. ಮುಯ್ಯಿಯ ಕವರನ್ನು ಮಾತ್ರ ಕೈಯಿಂದ ಬಿಟ್ಟಿರಲಿಲ್ಲ ಎಂದು ಆಮೇಲೆ ಎಲ್ಲರೂ ಮೆಚ್ಚಿಕೊಂಡರು.

ಮೈಸೂರಿನ ಮೇ ತಿಂಗಳು. ಛತ್ರದ ಊಟಕ್ಕೆ ಹೊಟ್ಟೆಯಲ್ಲಿ ಜಾಗ ಇರಲೆಂದು ಬೆಳಿಗ್ಗೆ ಒಂದು ಲೋಟ ಕಾಫಿ ಬಿಟ್ಟರೆ ಬೇರೇನೂ ಮುಟ್ಟಿರಲಿಲ್ಲ. ಧಾರೆ ಮುಗಿದದ್ದೇ ತಡ, ವಧೂವರರಿಗೆ ಹಾರೈಸುವವರ ಸಾಲು ವೇದಿಕೆಯಿಂದ ಬಾಗಿಲವರೆಗೆ ಬೆಳೆಯಿತು. ಮುಕ್ಕಾಲು ಗಂಟೆ ನಿಂತೆ. ಮೊದಲು ಒಂದರ ಹಿಂದೆ ಒಂದು ಆಕಳಿಕೆ ಬಂತು. ಆಮೇಲೆ ಬೆನ್ನಿನಲ್ಲಿ ತಣ್ಣನೆ ಬೆವರು. ನಾದಸ್ವರ ಯಾರೋ ಪಕ್ಕದ ಬೀದಿಯಲ್ಲಿ ನುಡಿಸುತ್ತಿದ್ದಾರೆ ಅನ್ನಿಸಿತು. ಹೆಣ್ಣಿನ ಸೀರೆಯ ಕೆಂಪು ಬೂದಿಬಣ್ಣವಾಯಿತು. ಕಣ್ಣಿನ ಅಂಚುಗಳಿಂದ ಕತ್ತಲೆ ಒಳಗೆ ಒತ್ತರಿಸಿಕೊಂಡು ಬಂದು, ಕೊನೆಗೆ ವರನ ಬಾಸಿಂಗವೊಂದೇ ಕಾಣಿಸುತ್ತಿತ್ತು. ‘ಇಲ್ಲೇ ಕೂತುಬಿಡೋಣ’ ಎಂದು ಮನಸ್ಸು ಹೇಳಿತು. ‘ಇಷ್ಟು ಜನರ ಮುಂದೆ ನೆಲದ ಮೇಲೆ ಕೂರುವುದೇ? ಇನ್ನು ಮೂರೇ ಜನ ಇದ್ದಾರೆ’ ಎಂದು ಮರ್ಯಾದೆ ಹೇಳಿತು. ನಾನು ಮರ್ಯಾದೆಯ ಮಾತು ಕೇಳಿದೆ.

ಕಣ್ಣು ಬಿಟ್ಟಾಗ ಸುತ್ತ ಒಂದು ಮೆಡಿಕಲ್ ಕಾಲೇಜೇ ನೆರೆದಿತ್ತು. ‘ಲೋ ಬಿಪಿ’ ಎಂದರು ಒಬ್ಬರು. ‘ಶುಗರ್ ಇಳಿದಿದೆ, ಬಾಯಿಗೆ ಸಕ್ಕರೆ ಹಾಕಿ.’ ‘ಪಿತ್ತ ನೆತ್ತಿಗೇರಿದೆ, ನಿಂಬೆಹಣ್ಣು ತನ್ನಿ.’ ‘ಗ್ಯಾಸು’ ಎಂದವರಿಗೆ ಬೆಂಬಲ ಜಾಸ್ತಿ ಇತ್ತು; ನಮ್ಮಲ್ಲಿ ಗ್ಯಾಸು ಮಾಡದ ಕಾಯಿಲೆ ಇಲ್ಲ. ಯಾರೋ ಅಂಗೈಯಲ್ಲಿ ಬೀಗದ ಕೈಗೊಂಚಲು ಇಟ್ಟು ಮುಷ್ಟಿ ಮುಚ್ಚಿದರು. ಅದು ಫಿಟ್ಸಿಗೆ ಮಾಡುವುದು, ಫಿಟ್ಸಿಗೂ ಅದರಿಂದ ಏನೂ ಆಗುವುದಿಲ್ಲ. ಧಾರವಾಡದ ಕಡೆಯವಳಾದ ನನ್ನ ಹೆಂಡತಿ ಗುಂಪು ಸೀಳಿಕೊಂಡು ಬಂದು, ‘ಚಕ್ಕರ್ ಬಂತೇನ್ರೀ?’ ಎಂದಳು. ಇಷ್ಟರಲ್ಲಿ ನಾಲ್ಕು ಜನ ಬಲಶಾಲಿಗಳು ‘ಏಳಿಸ್ರಪ್ಪಾ, ಏಳಿಸಿ ಕೂರಿಸಿ’ ಎಂದು ನನ್ನನ್ನು ಎತ್ತಿ ಕುರ್ಚಿಗೆ ಹಾಕಿದರು. ಕುರ್ಚಿಯಲ್ಲಿ ಇನ್ನೊಂದು ಸಲ ಕತ್ತಲೆ ಕವಿಯಿತು.

ನನ್ನ ಮೈಮೇಲೆ ಜರಿಪಂಚೆ, ರೇಷ್ಮೆ ಅಂಗಿ ಇದ್ದವು. ಹಾಗಾಗಿ ಬಿಪಿ, ಶುಗರು, ಪಿತ್ತಗಳೆಲ್ಲ ನನಗೆ ದಕ್ಕಿದವು. ಇದೇ ನಾನು ಮಾಸಿದ ಲುಂಗಿ ಉಟ್ಟು ಬಸ್‌ಸ್ಟ್ಯಾಂಡಿನ ಕಂಬದ ಬುಡದಲ್ಲಿ ಹೀಗೆ ಬಿದ್ದಿದ್ದರೆ ಒಂದೇ ಒಂದು ರೋಗನಿರ್ಣಯ ಆಗುತ್ತಿತ್ತು: ‘ಎಣ್ಣೆ.’ ಇದನ್ನು ಅಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಅಂಥ ಒಬ್ಬ ಬಿದ್ದಿದ್ದಾಗ ನಾನೂ ಮೂಗು ಮುಚ್ಚಿಕೊಂಡು ದಾಟಿ ಹೋಗಿದ್ದೆ. ಮೂಗು ಮುಚ್ಚಿಕೊಂಡಿದ್ದರಿಂದ ವಾಸನೆ ನಿಜವಾಗಿಯೂ ಇತ್ತೋ ಇಲ್ಲವೋ ಎಂಬುದು ನನಗೆ ತಿಳಿಯಲಿಲ್ಲ.

ಮಾರನೆಯ ದಿನ ನಮ್ಮ ಬೀದಿಯ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ಮೂವತ್ತೆರಡು ವರ್ಷ ಕನ್ನಡ ಪಾಠ ಮಾಡಿದವನು. ಕಾಯಿಲೆ ಹೇಳಿಕೊಳ್ಳುವಾಗಲೂ ಪದಗಳ ಬಗ್ಗೆ ಜಂಬ. ‘ನೋಡಿ ಡಾಕ್ಟ್ರೇ, ನನಗೆ ಬಂದದ್ದು ತಲೆಸುತ್ತಲ್ಲ, ಕಣ್ಣುಕತ್ತಲೆ. ಎರಡೂ ಬೇರೆ. ತಲೆಸುತ್ತಿನಲ್ಲಿ ಜಗತ್ತು ತಿರುಗುತ್ತದೆ, ಕಣ್ಣುಕತ್ತಲೆಯಲ್ಲಿ ಜಗತ್ತು ಮರೆಯಾಗುತ್ತದೆ. ನಮ್ಮ ಅಜ್ಜಿ ಇದನ್ನು ಬವಳಿ ಅನ್ನುತ್ತಿದ್ದಳು. ಹೆಂಡತಿಯ ಊರಿನಲ್ಲಿ ಎಲ್ಲವೂ ಚಕ್ಕರ್. ಮಂಗಳೂರಿನ ಷಡ್ಡಕ ತಲೆ ತಿರುಗಿತು ಅಂತಾನೆ, ನಮ್ಮ ಕಡೆ ಹಾಗೆಂದರೆ ದುರಹಂಕಾರ’ ಎಂದು ಒಂದು ಸಣ್ಣ ಉಪನ್ಯಾಸ ಕೊಟ್ಟೆ. ಆಕೆ ನಕ್ಕು, ‘ಚೆನ್ನಾಗಿದೆ ಮೇಷ್ಟ್ರೇ. ಎಷ್ಟು ಹೊತ್ತು ಇತ್ತು? ಆಗ ಏನು ಮಾಡ್ತಿದ್ರಿ?’ ಎಂದರು.

ವೈದ್ಯರಲ್ಲೂ ನನ್ನಂಥವರು ಇದ್ದರಂತೆ. 1972ರಿಂದ ಈಚೆಗೆ ವೈದ್ಯ ವಿದ್ಯಾರ್ಥಿಗಳು ‘ತಲೆಸುತ್ತು ಎಂದವನನ್ನು ಮೊದಲು ಹೇಗೆ ಅನ್ನಿಸಿತು ಎಂದು ಕೇಳು’ ಎಂಬ ಪಾಠವನ್ನೇ ಕಲಿತವರು. ತಿರುಗಿದಂತಾಯಿತೇ, ಕತ್ತಲಾಯಿತೇ, ಕಾಲು ತಡವರಿಸಿತೇ, ಸುಮ್ಮನೆ ತೇಲಿದಂತಾಯಿತೇ ಎಂದು ನಾಲ್ಕು ಡಬ್ಬಿ ಮಾಡಿ ರೋಗಿಯನ್ನು ಒಂದರಲ್ಲಿ ಹಾಕುವುದು. ಆದರೆ ಅದೇ ರೋಗಿಯನ್ನು ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಕೇಳಿದರೆ ಡಬ್ಬಿ ಬದಲಾಗುವುದುಂಟು. ತಲೆ ಕೆಟ್ಟಾಗಿನ ಅನುಭವವನ್ನು ತಲೆಯೇ ವರ್ಣಿಸಬೇಕಲ್ಲ. ಹಾಗಾಗಿ ಈಗ ಪದಕ್ಕಿಂತ ಸಂದರ್ಭವನ್ನು ನಂಬುತ್ತಾರೆ: ಎಷ್ಟು ಸೆಕೆಂಡು, ಎಷ್ಟು ಗಂಟೆ, ನಿಂತಾಗಲೋ, ಮಲಗಿದಾಗಲೋ, ಕತ್ತು ತಿರುಗಿಸಿದಾಗಲೋ, ಸುಮ್ಮನಿದ್ದಾಗಲೋ. ಪದಗಳ ಮೇಷ್ಟ್ರಿಗೆ ಇದು ಸ್ವಲ್ಪ ಅವಮಾನವೇ.

ಮಲಗಿಸಿ ಬಿಪಿ ನೋಡಿದರು. ಎದ್ದು ನಿಲ್ಲಿಸಿ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿದರು. ಮೇಲಿನ ಅಂಕಿ 20 ಇಳಿದರೆ, ಇಲ್ಲವೇ ಕೆಳಗಿನದು 10 ಇಳಿದರೆ, ನಿಂತಾಗ ರಕ್ತ ಮೇಲೇರುತ್ತಿಲ್ಲ ಎಂದು ಲೆಕ್ಕ. ನನ್ನದು 26 ಇಳಿದಿತ್ತು. ಇಸಿಜಿ ಸರಿಯಾಗಿತ್ತು. ಆಮೇಲೆ, ‘ಹೊಸದಾಗಿ ಯಾವುದಾದರೂ ಮಾತ್ರೆ ಶುರು ಮಾಡಿದ್ದೀರಾ?’ ಎಂಬ ಪ್ರಶ್ನೆ ಬಂತು. ಪಕ್ಕದಲ್ಲಿ ಹೆಂಡತಿ. ನಾನು ಚಾವಣಿ ನೋಡಿದೆ. ರಾತ್ರಿ ನಾಲ್ಕು ಸಲ ಏಳುವುದು ತಪ್ಪಲೆಂದು ಎರಡು ವಾರದಿಂದ ಪ್ರಾಸ್ಟೇಟಿನ ಮಾತ್ರೆಯೊಂದನ್ನು ನುಂಗುತ್ತಿದ್ದೆ, ಬಿಪಿ ಮಾತ್ರೆಯ ಡಬ್ಬಿಯೊಳಗೇ ಬಚ್ಚಿಟ್ಟುಕೊಂಡು. ಅದರ ಕೆಲಸ ಮೂತ್ರದ ದಾರಿಯ ಬಿಗಿ ಸಡಿಲಿಸುವುದು. ಆದರೆ ಆ ಜಾತಿಯ ಮಾತ್ರೆಗಳು ರಕ್ತನಾಳಗಳನ್ನೂ ಅಷ್ಟಿಷ್ಟು ಸಡಿಲಿಸುತ್ತವೆ, ಶುರುವಿನ ದಿನಗಳಲ್ಲಿ ಹೆಚ್ಚು. ಅದಕ್ಕೆ ಬಿಪಿ ಮಾತ್ರೆ ಸೇರಿತು, ಖಾಲಿ ಹೊಟ್ಟೆ ಸೇರಿತು, ಸೆಖೆ ಸೇರಿತು, ಮುಕ್ಕಾಲು ಗಂಟೆಯ ಸಾಲು ಸೇರಿತು. ಒಬ್ಬ ಕಳ್ಳನನ್ನು ಹುಡುಕಹೋದರೆ ಸಿಕ್ಕಿದ್ದು ಒಂದು ಗುಂಪು.

ಮನುಷ್ಯ ಎದ್ದು ನಿಂತೊಡನೆ ಅರ್ಧದಿಂದ ಮುಕ್ಕಾಲು ಲೀಟರಿನಷ್ಟು ರಕ್ತ ಹೊಟ್ಟೆಗೂ ಕಾಲಿಗೂ ಇಳಿಯುತ್ತದಂತೆ. ಕತ್ತಿನ ನಾಳಗಳಲ್ಲಿ ಕೂತ ಕಾವಲುಗಾರರು ಇದನ್ನು ಅರಿತು ಎದೆಗೆ ‘ಜೋರಾಗಿ ಬಡಿ’ ಎಂದೂ ನಾಳಗಳಿಗೆ ‘ಬಿಗಿಯಾಗು’ ಎಂದೂ ಆಜ್ಞೆ ಕಳಿಸುತ್ತಾರೆ. ದಿನಕ್ಕೆ ನೂರು ಸಲ ನಡೆಯುವ ಈ ಸರ್ಕಸ್ಸು ನಮಗೆ ಗೊತ್ತೇ ಆಗುವುದಿಲ್ಲ. ಕೆಲವರಲ್ಲಿ, ಬಹಳ ಹೊತ್ತು ನಿಂತಾಗ, ರಕ್ತ ಕಂಡಾಗ, ಸೂಜಿ ಚುಚ್ಚಿದಾಗ, ಆಜ್ಞೆ ತಿರುವುಮುರುವಾಗುತ್ತದೆ: ಎದೆಬಡಿತ ನಿಧಾನ, ನಾಳ ಸಡಿಲ. ಮಿದುಳಿಗೆ ಹತ್ತು ಸೆಕೆಂಡು ರಕ್ತ ನಿಂತರೆ ಸಾಕು, ದೀಪ ಆರುತ್ತದೆ. ಆಗ ದೇಹ ತನಗೆ ಗೊತ್ತಿರುವ ಚಿಕಿತ್ಸೆ ಮಾಡಿಕೊಳ್ಳುತ್ತದೆ, ಅಂದರೆ ಬೀಳುತ್ತದೆ. ಬಿದ್ದರೆ ಎದೆಯೂ ತಲೆಯೂ ಒಂದೇ ಮಟ್ಟಕ್ಕೆ ಬಂದು, ರಕ್ತ ಏರು ಹತ್ತಬೇಕಾಗಿಲ್ಲದೆ ತಲೆಗೆ ಹರಿಯುತ್ತದೆ. ‘ಬಿದ್ದದ್ದೇ ನಿಮ್ಮ ಔಷಧಿ ಮೇಷ್ಟ್ರೇ. ಅವರು ಎತ್ತಿ ಕೂರಿಸಿದ್ದೇ ತಪ್ಪು’ ಎಂದರು ಡಾಕ್ಟರು. ಹಾಗೇ ಮಲಗಿಸಿ, ಕಾಲು ಎತ್ತರಕ್ಕಿಟ್ಟು, ಕೊರಳಪಟ್ಟಿ ಸಡಿಲಿಸಿ, ಗಾಳಿ ಬಿಟ್ಟರೆ ಸಾಕು. ಪೂರಾ ಎಚ್ಚರವಾಗುವ ತನಕ ಬಾಯಿಗೆ ನೀರಾಗಲಿ ಸಕ್ಕರೆಯಾಗಲಿ ಹಾಕಕೂಡದು, ಉಸಿರಿನ ದಾರಿಗೆ ಹೋದೀತು. ಬಿದ್ದವರನ್ನು ಎತ್ತಬೇಕು ಎಂದು ನಾನು ಎಷ್ಟು ನೀತಿಪಾಠ ಮಾಡಿದ್ದೆ!

ಆದರೆ ನನ್ನನ್ನು ಚುಚ್ಚಿದ್ದು ಮುಂದಿನ ಮಾತು. ‘ನಿಂತಿರುವಾಗ ಅಲುಗಾಡದೆ ನಿಲ್ಲಬೇಡಿ. ಮೀನಖಂಡ ಹಿಂಡಿದಾಗೆಲ್ಲ ರಕ್ತ ಮೇಲಕ್ಕೆ ಹೋಗುತ್ತದೆ. ಅದು ಕಾಲಿನಲ್ಲಿರುವ ಪಂಪು. ಪರೇಡಿನಲ್ಲಿ ಗಟ್ಟಿಮುಟ್ಟಾದ ಸಿಪಾಯಿಗಳು ಬೀಳೋದು ನೋಡಿಲ್ವಾ? ಅಲುಗಾಡದೆ ನಿಲ್ಲಿಸಿರ್ತಾರೆ, ಅದಕ್ಕೇ.’

ಸಿಪಾಯಿಗಳನ್ನು ನಾನು ನೋಡಿಲ್ಲ. ಮಕ್ಕಳನ್ನು ನೋಡಿದ್ದೇನೆ. ತೊಂಬತ್ತರ ದಶಕದಲ್ಲಿ ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿಶಾಲೆಯಲ್ಲಿದ್ದೆ. ಬೆಳಗಿನ ಪ್ರಾರ್ಥನೆಗೆ ಸಾಲು ನಿಲ್ಲಿಸುವ ಕೆಲಸ ನನ್ನದು. ಕನ್ನಡ ಮೇಷ್ಟ್ರಾದರೂ ಆಜ್ಞೆ ಮಾತ್ರ ಹಿಂದಿಯಲ್ಲಿ: ‘ಸಾವಧಾನ್!’ ‘ವಿಶ್ರಾಮ್!’ ಕನ್ನಡದಲ್ಲಿ ಸಾವಧಾನ ಎಂದರೆ ತಾಳ್ಮೆ, ನಿಧಾನ. ಅಂಗಳದಲ್ಲಿ ಕೂಗಿದರೆ ಹಿಮ್ಮಡಿ ಕೂಡಿಸಿ ಕಂಬದಂತೆ ಸೆಟೆದು ನಿಲ್ಲು ಎಂದರ್ಥ. ಮದುವೆಯಲ್ಲಿ ಪುರೋಹಿತರೂ ‘ಸುಮುಹೂರ್ತೇ ಸಾವಧಾನ’ ಎಂದು ಎಚ್ಚರಿಸುತ್ತಾರೆ. ಸಮರ್ಥ ರಾಮದಾಸರು ಆ ಪದ ಕೇಳಿಯೇ ಹಸೆಮಣೆಯಿಂದ ಎದ್ದು ಓಡಿದರೆಂದು ಕಥೆ. ನನ್ನ ಮಕ್ಕಳು ಓಡುವಂತಿರಲಿಲ್ಲ. ಆಗಸ್ಟ್ ಹದಿನೈದರ ತಾಲೀಮಿನ ದಿನಗಳಲ್ಲಂತೂ ಬಿಸಿಲಲ್ಲಿ ಒಂದು ಗಂಟೆ. ‘ಅಲುಗಾಡಬೇಡಿ! ಸೊಳ್ಳೆ ಕಚ್ಚಿದರೂ ಕೈ ಎತ್ತಬಾರದು!’ ಎನ್ನುವುದು ನನ್ನ ನಿತ್ಯದ ಮಂತ್ರ.

ವಾರಕ್ಕೆ ಒಂದಾದರೂ ಮಗು ಬೀಳುತ್ತಿತ್ತು. ಹೆಚ್ಚಾಗಿ ಆರು, ಏಳನೇ ತರಗತಿಯ ಹೆಣ್ಣುಮಕ್ಕಳು. ಧಪ್ ಎಂದು ಶಬ್ದ, ಸಾಲು ಒಡೆದು ಸುತ್ತ ಒಂದು ಗುಂಪು. ಹೆಡ್‌ಮಾಸ್ತರರು ಕಿಟಕಿಯಿಂದಲೇ ‘ನಾಟಕ!’ ಎನ್ನುತ್ತಿದ್ದರು. ನಾಟಕವಲ್ಲ ಎಂದು ನನಗೆ ಗೊತ್ತಿತ್ತು, ಯಾಕೆಂದರೆ ನಾಟಕ ಮಾಡುವವರು ಮುಖ ಅಡಿಯಾಗಿ ಬೀಳುವುದಿಲ್ಲ. ನೀರು ಚಿಮುಕಿಸಿ, ‘ಬೆಳಿಗ್ಗೆ ಏನು ತಿಂದೆ?’ ಎಂದರೆ ಸುಮ್ಮನಿರುತ್ತಿದ್ದರು. ಒಬ್ಬಳು ಮಾತ್ರ, ‘ಹಿಟ್ಟು ಇರ್ಲಿಲ್ಲ ಸಾ’ ಎಂದಳು. ರಾತ್ರಿಯ ಮುದ್ದೆ ಉಳಿದಿರಲಿಲ್ಲ ಎಂದು ನಾನು ಅರ್ಥ ಮಾಡಿಕೊಂಡೆ. ಮನೆಯಲ್ಲಿ ರಾಗಿ ಹಿಟ್ಟೇ ಇರಲಿಲ್ಲ ಎಂದು ಆಕೆ ಹೇಳಿದ್ದಿರಬೇಕು ಎಂದು ಹೊಳೆದದ್ದು ವರ್ಷಗಳ ಮೇಲೆ. ಆಗಿನ್ನೂ ಬಿಸಿಯೂಟ ಇರಲಿಲ್ಲ. ನಮ್ಮ ರಾಜ್ಯದಲ್ಲಿ ಅದು ಮೊದಲಾದದ್ದು 2002ರಲ್ಲಿ, ಅದೂ ಈಶಾನ್ಯದ ಏಳು ಜಿಲ್ಲೆಗಳಲ್ಲಿ. ಬೆಳಗಿನ ಹಾಲು ಬಂದದ್ದು 2013ರಲ್ಲಿ. ರಕ್ತಹೀನತೆಯ ಮಾತು ಬೇರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ, 15ರಿಂದ 49 ವರ್ಷದ ಹೆಂಗಸರಲ್ಲಿ ದೇಶದಾದ್ಯಂತ ಶೇ 57 ಮಂದಿಗೆ ರಕ್ತ ಕಡಿಮೆ ಇತ್ತು. ಈ ಹಸಿವೆಗೂ ಬಿಳಿಚಿದ ರಕ್ತಕ್ಕೂ ನಾನು ಹೊಣೆಯಲ್ಲ. ಆದರೆ ಅವುಗಳ ಮೇಲೆ ಕೊನೆಯ ಕಡ್ಡಿ ಇಟ್ಟವನು ನಾನು. ಆ ಮಕ್ಕಳು ಕಾಲು ಬದಲಿಸಿ, ಕುಂಡೆ ಕುಣಿಸಿ, ಅತ್ತಿತ್ತ ಓಲಾಡುತ್ತಿದ್ದದ್ದು ಬೀಳದೆ ಇರಲು. ‘ಸಾವಧಾನ್’ ಎಂದು ಅದನ್ನೂ ಕಸಿದುಕೊಂಡಿದ್ದೆ.

ಡಾಕ್ಟರು ಬಿಪಿ ಮಾತ್ರೆಯ ಪ್ರಮಾಣ ಇಳಿಸಿ, ಪ್ರಾಸ್ಟೇಟಿನದನ್ನು ರಾತ್ರಿ ಮಲಗುವಾಗ ನುಂಗಲು ಹೇಳಿ, ‘ಹಾಸಿಗೆಯಿಂದ ಒಂದೇ ಸಲ ಏಳಬೇಡಿ, ಸಾವಧಾನವಾಗಿ ಏಳಿ’ ಎಂದು ಕಳಿಸಿದರು. ಕನ್ನಡದ ಸಾವಧಾನ. ಬಿಪಿ ಸರಿಹೋಯಿತು. ಇನ್ನು ಬೀಳುವುದಿಲ್ಲ ಎಂದುಕೊಂಡೆ.

ಮೂರು ತಿಂಗಳು ಕಳೆದಿರಬೇಕು. ಭಾನುವಾರ ಕಟಿಂಗ್ ಶಾಪಿನಲ್ಲಿ ಶೇವಿಂಗಿಗೆ ಕೂತಿದ್ದೆ. ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ಕತ್ತು ಮೇಲೆತ್ತಿಸಿ, ಯಜಮಾನರು ಗಂಟಲಿನ ಮೇಲೆ ಕತ್ತಿ ಇಟ್ಟಿದ್ದರು. ಕರೆಂಟು ಹೋಗಿತ್ತು. ನಿಂತಿದ್ದ ಫ್ಯಾನು ನಾನು ನೋಡುತ್ತಿದ್ದಂತೆ ತಿರುಗತೊಡಗಿತು. ‘ಕರೆಂಟ್ ಬಂತಾ?’ ಎಂದೆ. ‘ಇಲ್ವಲ್ಲ ಮೇಷ್ಟ್ರೇ.’ ಅಷ್ಟರಲ್ಲಿ ಫ್ಯಾನಿನ ಜೊತೆ ಸೂರು, ಕನ್ನಡಿ, ಕನ್ನಡಿಯ ಮೇಲಿನ ದೇವರ ಪಟ ಎಲ್ಲವೂ ಒಂದೇ ದಿಕ್ಕಿಗೆ ಗಿರ್ರನೆ ಹೊರಟವು. ನಾನು ಅವರ ಮಣಿಕಟ್ಟು ಹಿಡಿದುಬಿಟ್ಟೆ. ಕತ್ತಿಯಿರುವ ಕೈಯನ್ನು ಹಿಡಿಯುವ ಗಿರಾಕಿಯನ್ನು ಅವರು ಹಿಂದೆ ಕಂಡಿರಲಾರರು; ಆದರೂ ಕೈ ಸಡಿಲಬಿಟ್ಟು, ಕತ್ತಿಯನ್ನು ಮೇಲಕ್ಕೆ ತಿರುಗಿಸಿ, ಉಸಿರು ಬಿಡದೆ ನಿಂತರು. ಅರ್ಧ ನಿಮಿಷಕ್ಕೆ ಜಗತ್ತು ನಿಂತಿತು. ಅರ್ಧ ಗಡ್ಡ ಹೊತ್ತು ಮನೆಗೆ ಬಂದೆ. ಆ ರಾತ್ರಿ ಬಲಮಗ್ಗುಲಿಗೆ ಹೊರಳಿದಾಗ ಮಂಚವೇ ಮಗುಚಿತು.

ಈ ಸಲ ಬೀದಿಯವರ ನಿರ್ಣಯ ಒಂದೇ: ‘ಸ್ಪಾಂಡಿಲೈಟಿಸ್.’ ಎದುರುಮನೆಯವರು ತಮ್ಮ ಹಳೆಯ ಕತ್ತುಪಟ್ಟಿಯನ್ನು ತಂದುಕೊಟ್ಟರು. ಮೆಡಿಕಲ್ ಶಾಪಿನಲ್ಲಿ ‘ತಲೆಸುತ್ತಿನ ಮಾತ್ರೆ’ ಎಂದರೆ ಚೀಟಿಯಿಲ್ಲದೆಯೇ ಕೊಟ್ಟರು. ಪಟ್ಟಿ ಕಟ್ಟಿ, ಮಾತ್ರೆ ನುಂಗಿ, ನಾಲ್ಕು ದಿನ ಗೌರವಾನ್ವಿತ ರೋಗಿಯಾಗಿ ಕೂತೆ. ಐದನೆಯ ದಿನ ಡಾಕ್ಟರು ಅದನ್ನು ನೋಡಿ ಮೊದಲು ಬೈದರು. ಆ ಮಾತ್ರೆಗಳು ತಲೆಸುತ್ತನ್ನು ಮಂಕು ಮಾಡುತ್ತವೆಯೇ ಹೊರತು ಇಂಥದ್ದನ್ನು ವಾಸಿ ಮಾಡುವುದಿಲ್ಲವಂತೆ. ಅವುಗಳಲ್ಲಿ ಕೆಲವನ್ನು ವಯಸ್ಸಾದವರು ತಿಂಗಳುಗಟ್ಟಲೆ ನುಂಗಿದರೆ ಕೈನಡುಕ ಬರುವುದೂ ಉಂಟಂತೆ. ‘ಕಟಿಂಗ್ ಶಾಪಿನಲ್ಲಿ ಕತ್ತಿನ ನೆಟಿಕೆ ತೆಗೆಸ್ತೀರಾ?’ ಎಂದು ಕೇಳಿದರು. ಇಲ್ಲವೆಂದೆ. ಹಾಗೆ ಲಟಕ್ಕನೆ ತಿರುಗಿಸುವಾಗ ಕತ್ತಿನ ರಕ್ತನಾಳದ ಒಳಪದರ ಹರಿದು ಲಕ್ವ ಹೊಡೆಯುವುದುಂಟು, ಅಪರೂಪಕ್ಕೆ.

ಆಮೇಲೆ ನನ್ನನ್ನು ಮಂಚದ ಮೇಲೆ ಕೂರಿಸಿ, ಮುಖ ಬಲಕ್ಕೆ ತಿರುಗಿಸಿ, ತಲೆ ಮಂಚದಂಚಿನಿಂದ ಸ್ವಲ್ಪ ಕೆಳಗೆ ಜೋತುಬೀಳುವಂತೆ ಒಮ್ಮೆಲೇ ಮಲಗಿಸಿದರು. ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬಿಬ್ಬರು 1952ರಲ್ಲಿ ಬರೆದಿಟ್ಟ ಪರೀಕ್ಷೆ. ಎರಡು ಮೂರು ಸೆಕೆಂಡು ಏನೂ ಇಲ್ಲ, ಆಮೇಲೆ ಸೂರು ಹೊರಟಿತು. ಆಕೆ ನನ್ನ ಕಣ್ಣುಗುಡ್ಡೆ ಕುಣಿಯುವುದನ್ನೇ ನೋಡುತ್ತಿದ್ದರು, ನಾನು ಆಕೆಯ ಮೂರು ನಾಲ್ಕು ಮುಖಗಳನ್ನು. ‘ಕಿವಿಯೊಳಗೆ ಕಲ್ಲು ಜಾರಿದೆ’ ಎಂದರು.

ಒಳಕಿವಿಯಲ್ಲಿ ನೀರು ತುಂಬಿದ ಮೂರು ಅರೆಬಳೆಗಳಿವೆ. ಪಕ್ಕದ ಚೀಲದಲ್ಲಿ ಅಂಟಿನ ಹಾಸಿನ ಮೇಲೆ ಕೂತ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು. ಕ್ಯಾಲ್ಸಿಯಂ ಕಾರ್ಬೊನೇಟು, ಅಂದರೆ ಸುಣ್ಣದಕಲ್ಲಿನದೇ ಜಾತಿ, ಮೊಟ್ಟೆಯ ಚಿಪ್ಪಿನದೇ ಜಾತಿ. ವಯಸ್ಸಾದಂತೆ ಇವು ಸಡಿಲವಾಗಿ ಉದುರಿ ಅರೆಬಳೆಯೊಳಕ್ಕೆ ಉರುಳುತ್ತವೆ. ಕತ್ತೆತ್ತಿದಾಗ, ಮಗ್ಗುಲು ಬದಲಿಸಿದಾಗ ಅವು ನೀರನ್ನು ತಳ್ಳುತ್ತವೆ. ಕಿವಿ ‘ತಿರುಗುತ್ತಿದ್ದೇವೆ’ ಎನ್ನುತ್ತದೆ, ಕಣ್ಣು ‘ಇಲ್ಲ’ ಎನ್ನುತ್ತದೆ, ಹೊಟ್ಟೆ ಇಬ್ಬರ ಜಗಳ ಕೇಳಿ ತೊಳಸುತ್ತದೆ. ಮೂವತ್ತೆರಡು ವರ್ಷ ಕಪ್ಪುಹಲಗೆ ಒರೆಸಿದವನ ಕಿವಿಯಲ್ಲಿ ಸುಣ್ಣವಲ್ಲದೆ ಇನ್ನೇನು ಇದ್ದೀತು ಎಂದಳು ಹೆಂಡತಿ.

ಕಿವಿಯ ಈ ಗುಟ್ಟು ಹೊರಬಿದ್ದ ಬಗೆ ನನಗೆ ಬಹಳ ಹಿಡಿಸಿತು. ವಿಯೆನ್ನಾದಲ್ಲಿ ರಾಬರ್ಟ್ ಬಾರಾನಿ ಎಂಬ ವೈದ್ಯ ರೋಗಿಗಳ ಕಿವಿಗೆ ನೀರು ಹಾಯಿಸಿ ತೊಳೆಯುತ್ತಿದ್ದ. ತಲೆ ಸುತ್ತುತ್ತದೆ, ನೀರು ತಣ್ಣಗಿದೆ ಎಂದು ರೋಗಿ ದೂರಿದ. ಬಿಸಿನೀರು ಬಿಟ್ಟರೆ ಆಗಲೂ ತಲೆ ಸುತ್ತಿತು, ಆದರೆ ಕಣ್ಣು ಕುಣಿಯುವ ದಿಕ್ಕು ಹಿಂದುಮುಂದಾಗಿತ್ತು. ಬೇರೆಯವರಾದರೆ ಹದವಾದ ನೀರು ಹುಡುಕಿ ಸುಮ್ಮನಾಗುತ್ತಿದ್ದರು. ಆತ ಅದರ ಬೆನ್ನುಹತ್ತಿದ. ಅದಕ್ಕೆ 1914ರ ನೊಬೆಲ್ ಬಂತು. ಆ ಸುದ್ದಿ ಮುಟ್ಟಿದಾಗ ಬಾರಾನಿ ರಷ್ಯನ್ನರ ಕೈಯಲ್ಲಿ ಯುದ್ಧಕೈದಿ. ಇನ್ನು ಕಲ್ಲನ್ನು ಅದರ ಜಾಗಕ್ಕೆ ವಾಪಸು ಉರುಳಿಸುವ ಉಪಾಯ ಅಮೆರಿಕದ ಜಾನ್ ಎಪ್ಲಿಯದು. ತಲೆಯನ್ನು ಹಂತಹಂತವಾಗಿ ಆ ಕಡೆಯಿಂದ ಈ ಕಡೆಗೆ ತಿರುಗಿಸುವುದು, ಅಷ್ಟೆ. ಇಷ್ಟು ಸಲೀಸಾದದ್ದನ್ನು ಜೊತೆಯ ವೈದ್ಯರು ನಂಬಲಿಲ್ಲ, ವರ್ಷಗಟ್ಟಲೆ ನಕ್ಕರು. ಪತ್ರಿಕೆಯಲ್ಲಿ ಅಚ್ಚಾದದ್ದು 1992ರಲ್ಲಿ. ನನಗೆ ಅದನ್ನು ಮಾಡಿದ್ದು ಐದು ನಿಮಿಷ. ಮಾತ್ರೆಯಿಲ್ಲ, ಸೂಜಿಯಿಲ್ಲ, ಪಟ್ಟಿಯಿಲ್ಲ. ಮಾರನೇ ಭಾನುವಾರ ಉಳಿದರ್ಧ ಗಡ್ಡ ತೆಗೆಸಿಕೊಂಡೆ ಎಂದು ಬರೆಯಬಹುದಿತ್ತು; ಆದರೆ ಅದನ್ನು ಮಗ ಅಂದೇ ಟ್ರಿಮ್ಮರಿನಲ್ಲಿ ತೆಗೆದಿದ್ದ.

ಹೊರಡುವಾಗ ಡಾಕ್ಟರು ನಗು ಬಿಟ್ಟು ಹೇಳಿದ ಮಾತನ್ನು ಇಲ್ಲಿ ಹಗುರ ಮಾಡುವುದಿಲ್ಲ. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಒಂದು ಎರಡಾಗಿ ಕಂಡರೆ, ನೆಟ್ಟಗೆ ನಿಲ್ಲಲೇ ಆಗದಿದ್ದರೆ ಅದು ಕಿವಿಯದಲ್ಲ, ಮಿದುಳಿನದಿರಬಹುದು. ಎದೆನೋವಿನೊಡನೆ, ಓಡುವಾಗ, ಮೆಟ್ಟಿಲು ಹತ್ತುವಾಗ, ಅಥವಾ ಮಲಗಿದ್ದಾಗಲೇ ಎಚ್ಚರ ತಪ್ಪಿದರೆ ಅದು ಹೃದಯದ್ದಿರಬಹುದು. ಅಲ್ಲಿ ನಿಂಬೆಹಣ್ಣೂ ಇಲ್ಲ, ಎಪ್ಲಿಯೂ ಇಲ್ಲ, ನೇರ ಆಸ್ಪತ್ರೆ.

ಮೊನ್ನೆ ಮತ್ತೊಂದು ಮದುವೆ. ತಿಂಡಿ ತಿಂದು, ನೀರು ಕುಡಿದು, ಕವರು ಹಿಡಿದು ಸಾಲಿನಲ್ಲಿ ನಿಂತೆ. ಡಾಕ್ಟರು ಹೇಳಿಕೊಟ್ಟಿದ್ದ ವಿದ್ಯೆಯೊಂದಿತ್ತು: ನಿಂತಲ್ಲೇ ಕಾಲಿನ ಮೇಲೆ ಕಾಲು ಹೆಣೆದು ತೊಡೆ ಬಿಗಿಯುವುದು, ಮುಂಗಾಲಿನ ಮೇಲೆ ಏರಿ ಇಳಿಯುವುದು, ಕುಂಡೆ ಬಿಗಿದು ಸಡಿಲಿಸುವುದು. ವೇದಿಕೆಯ ಮೆಟ್ಟಿಲ ಬಳಿ ಬರುವಷ್ಟರಲ್ಲಿ ಇದನ್ನು ನಾಲ್ಕು ಸುತ್ತು ಮುಗಿಸಿದ್ದೆ. ಕ್ಯಾಮೆರಾದವನು ನನ್ನ ಕಡೆ ತಿರುಗಿದ. ಪರದೆಯ ಮೇಲೆ ನಾನು, ರೇಷ್ಮೆ ಅಂಗಿಯಲ್ಲಿ, ಏಳನೇ ತರಗತಿಯ ಹುಡುಗಿಯಂತೆ ಅತ್ತಿತ್ತ ಓಲಾಡುತ್ತಿದ್ದೇನೆ. ಹಿಂದಿದ್ದ ತರುಣನೊಬ್ಬ ಕಿವಿಯ ಹತ್ತಿರ ಬಾಗಿ, ಮೆಲ್ಲನೆ, ಬಹಳ ಮರ್ಯಾದೆಯಿಂದ ಹೇಳಿದ: ‘ಅಂಕಲ್, ಟಾಯ್ಲೆಟ್ಟು ಊಟದ ಹಾಲಿನ ಹಿಂದೆ ಇದೆ. ನೀವು ಹೋಗಿಬನ್ನಿ, ನಿಮ್ಮ ಜಾಗ ನಾನು ನೋಡ್ಕೋತೀನಿ.’